ಶಿಪ್ಪಿನ ಟೀಚರ್

ಅಕ್ಕನ ಮಗಳು ರಜೆಯಲ್ಲಿ ಊರಿಗೆ ಬಂದಿದ್ದಾಳೆ ಎಂದು ನನಗೆ ಯಾರೂ ಫೋನು ಮಾಡಿ ಹೇಳಬೇಕಾಗಿಲ್ಲ. ಅಕ್ಕನ ಮನೆಯ ಬಚ್ಚಲಿನೆದುರು ಜನ ಸಾಲುಗಟ್ಟಿ ನಿಂತಿದ್ದರೆ ಬಂದಿದ್ದಾಳೆ ಎಂದೇ ಅರ್ಥ. ಊಟಕ್ಕೆ ಕೂರುವ ಮೊದಲು ಎಲ್ಲರೂ, ಎಂಬತ್ತು ದಾಟಿದ ದೊಡ್ಡಮ್ಮ ಸಮೇತ, ಸೋಪು ಹಚ್ಚಿ ಕೈ ತಿಕ್ಕಬೇಕು. ಅವಳು ಪಕ್ಕದಲ್ಲಿ ನಿಂತು ಕೈತೊಳೆಯುವ ಹಾಡು ಹಾಡುತ್ತಾಳೆ. ಹಾಡು ಮುಗಿಯುವ ಮೊದಲೇ ನಲ್ಲಿ ನಿಲ್ಲಿಸಿದವರು ಮತ್ತೆ ಸಾಲಿನ ಕೊನೆಗೆ.

"ಸ್ಯಾನಿಟೈಸರ್ ಹಾಕಿದ್ದೇನೆ ಮಾರಾಯ್ತಿ" ಎಂದು ಒಮ್ಮೆ ಜಾರಿಕೊಳ್ಳಲು ನೋಡಿದೆ.

"ನೊರೊವೈರಸ್ ಅದಕ್ಕೆಲ್ಲ ಹೆದರುವುದಿಲ್ಲ ಮಾವ. ಸೋಪು, ನೀರು" ಎಂದಳು, ನಗುತ್ತಲೇ. ಆ ನಗುವಿನ ವಿಷಯ ಆಮೇಲೆ ಹೇಳುತ್ತೇನೆ.

ಮಂಗಳೂರಿನ ಕಡೆ "ಶಿಪ್ಪಿನಲ್ಲಿ ಇದ್ದಾನೆ" ಎಂದರೆ ಕೇಳಿದವರ ಕಣ್ಣಿಗೆ ಒಂದು ಚಿತ್ರ ಕಟ್ಟುತ್ತದೆ. ಗೇಟಿಗೆ ಲಂಗರಿನ ಚಿತ್ರ ಹೊಯ್ದ ಮನೆ, ಪೆಟ್ಟಿಗೆ ತುಂಬ ಸೆಂಟು, ಚಾಕಲೇಟು, ಎರಡು ತಿಂಗಳ ರಜೆಯೊಳಗೆ ಹೆಣ್ಣು ನೋಡಿ ಮದುವೆ ಮುಗಿಸುವ ಗಡಿಬಿಡಿ. ಎಂಜಿನ್ ರೂಮು, ಅಡುಗೆಮನೆ, ಹೌಸ್‌ಕೀಪಿಂಗು, ಇವು ನಮ್ಮವರಿಗೆ ಅರ್ಥವಾಗುವ ಕೆಲಸಗಳು. ಬಿ.ಎಡ್. ಮಾಡಿ ಎರಡು ವರ್ಷ ಪಾಠ ಹೇಳಿದ ಹುಡುಗಿ ಮಕ್ಕಳನ್ನು ಆಡಿಸಲಿಕ್ಕೆ ಶಿಪ್ಪು ಹತ್ತುತ್ತಾಳೆ ಎಂದಾಗ ನೆಂಟರಿಗೆ ಅದು ಹೊಟ್ಟೆಗಿಳಿಯಲಿಲ್ಲ. ಅಕ್ಕ ಮರ್ಯಾದೆಗೆ "ಅಲ್ಲಿಯೂ ಟೀಚರೇ" ಎಂದುಬಿಟ್ಟಳು. ಅಂದಿನಿಂದ ಅವಳು ಕುಟುಂಬಕ್ಕೆಲ್ಲ ಶಿಪ್ಪಿನ ಟೀಚರ್.

"ಆಡಿಸುವುದಕ್ಕೆ ಡಾಲರ್ ಕೊಡ್ತಾರಾ?" ದೊಡ್ಡಮ್ಮನಿಗೆ ಇವತ್ತಿಗೂ ಅದೇ ಸಂಕಟ. "ನಾನು ಏಳು ಮೊಮ್ಮಕ್ಕಳನ್ನು ಪುಕ್ಕಟೆ ಆಡಿಸಿದೆ."

ಹೋಗುವ ಮೊದಲಿನ ತಯಾರಿ ನೋಡಿದ್ದರೆ ದೊಡ್ಡಮ್ಮ ಹಾಗೆ ಹೇಳುತ್ತಿರಲಿಲ್ಲ. ಲೈಫ್ ಜಾಕೆಟ್ ತೊಟ್ಟು ಈಜುಕೊಳಕ್ಕೆ ಹಾರಬೇಕು, ಪೈಪು ಹಿಡಿದು ಬೆಂಕಿ ನಂದಿಸಬೇಕು, ಪ್ರಥಮ ಚಿಕಿತ್ಸೆ ಕಲಿಯಬೇಕು. ಹಡಗಿಗೆ ನೌಕರಿಗೆ ಹೋಗುವವರೆಲ್ಲ ಕಲಿಯಬೇಕಾದ ಪಾಠಗಳಿವು. ಬಾಲವಾಡಿ ಟೀಚರಿಗೆ ಅಗ್ನಿಶಾಮಕದ ಸರ್ಟಿಫಿಕೇಟು! ಅವಳು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರಿನ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದರು.

ಅವಳ ಹಡಗು ಹೊರಡುವುದು ಫ್ಲೋರಿಡಾದಿಂದ. ವಾರಕ್ಕೆ ಎರಡು ಟ್ರಿಪ್ಪು, ಒಂದು ಮೂರು ರಾತ್ರಿಯದು, ಇನ್ನೊಂದು ನಾಲ್ಕು ರಾತ್ರಿಯದು. ಬಹಾಮಾಸ್‌ಗೆ ಹೋಗುವುದು, ಅಲ್ಲಿನ ನಸ್ಸಾವ್ ಬಂದರು ಮುಟ್ಟಿ ಬರುವುದು. ನಮ್ಮ ಸ್ಟೇಟ್‌ಬ್ಯಾಂಕ್–ಮೂಡುಬಿದಿರೆ ಸರ್ವಿಸ್ ಬಸ್ಸಿನ ಹಾಗೆ. ಮಕ್ಕಳೊಂದಿಗರನ್ನು ಗುರಿಯಿಟ್ಟೇ ಕಟ್ಟಿದ ಹಡಗುಗಳು ಅಲ್ಲಿ ಬೇಕಾದಷ್ಟಿವೆ. ಡಿಸ್ನಿಯವರು 1998ರಲ್ಲಿ ತಮ್ಮ ಮೊದಲ ಹಡಗು ಇಳಿಸಿದಾಗ ಹೆಚ್ಚುಕಡಿಮೆ ಒಂದು ಇಡೀ ಅಂತಸ್ತನ್ನೇ ಮಕ್ಕಳಿಗೆ ಬಿಟ್ಟಿದ್ದರು. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ 'ಐಕಾನ್ ಆಫ್ ದಿ ಸೀಸ್' ತುಂಬಿದರೆ ಪ್ರಯಾಣಿಕರೇ 7,600. ಅಮೆರಿಕದ ಶಾಲೆಗಳಿಗೆ ರಜೆ ಸಿಕ್ಕ ವಾರ ಇಂಥ ಹಡಗುಗಳಲ್ಲಿ ಎಷ್ಟು ಮಕ್ಕಳಿರಬಹುದೆಂದು ನೀವೇ ಊಹಿಸಿ. ಅಪ್ಪ ಅಮ್ಮ ಬಿಸಿಲಿಗೆ ಮೈಯೊಡ್ಡಿ ಮಲಗಬೇಕಾದರೆ ಆ ಮಕ್ಕಳು ಬೇರೆಲ್ಲಾದರೂ ಇರಬೇಕಲ್ಲ. ಆ ಬೇರೆಲ್ಲೋ ಎಂಬ ಜಾಗದಲ್ಲಿ ನಮ್ಮ ಟೀಚರ್ ಇರುತ್ತಾಳೆ.

ಆ ಜಾಗಕ್ಕೆ ಮಕ್ಕಳ ಕ್ಲಬ್ಬು ಎಂದು ಹೆಸರು, ಮೂರು ವರ್ಷ ತುಂಬಿದವರಿಗೆ ಪ್ರವೇಶ. ಒಂದೇ ಷರತ್ತು, ಡೈಪರ್ ಬಿಟ್ಟಿರಬೇಕು. ಈ ಷರತ್ತು ಕಿವಿಗೆ ಬಿದ್ದ ಕ್ಷಣದಿಂದ ಹಡಗಿನಲ್ಲಿರುವ ಮೂರು ವರ್ಷದ ಮಕ್ಕಳೆಲ್ಲ ಡೈಪರ್ ಬಿಟ್ಟಿರುತ್ತವೆ. ಅಪ್ಪಂದಿರು ಆಣೆ ಹಾಕುತ್ತಾರೆ. ಅಮ್ಮಂದಿರು "ಮನೆಯಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ" ಎನ್ನುತ್ತಾರೆ. ಈ ಮಾತನ್ನು ಅವಳು ಹತ್ತು ಹನ್ನೆರಡು ದೇಶಗಳ ಇಂಗ್ಲಿಷಿನಲ್ಲಿ ಕೇಳಿದ್ದಾಳಂತೆ. ಎಲ್ಲ ಸಲವೂ ಕೈಯಲ್ಲಿ ಒದ್ದೆ ಚಡ್ಡಿ ಇತ್ತಂತೆ.

ಇನ್ನು ಎಣಿಕೆ. ಮಕ್ಕಳ ಕೈಗೆ ಒಂದು ಪಟ್ಟಿ ಕಟ್ಟಿರುತ್ತಾರೆ. ಒಳಗೆ ಬಂದದ್ದು ಎಷ್ಟು, ಹೊರಗೆ ಹೋದದ್ದು ಎಷ್ಟು, ಈಗ ಇರುವುದು ಎಷ್ಟು ಎಂಬ ಲೆಕ್ಕ ಯಾವ ಕ್ಷಣಕ್ಕೂ ತಪ್ಪಬಾರದು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದರೆ ಎಣಿಕೆ, ಬಂದರೆ ಎಣಿಕೆ. ಆ ಚಟ ಊರಿಗೂ ಬಂದಿದೆ. ನಾವು ಎಂಟು ಜನ ಕಾರಿಳಿದು ಕಟೀಲು ದೇವಸ್ಥಾನಕ್ಕೆ ಹೋದೆವು. ಇಳಿದಾಗ ಎಣಿಸಿದಳು, ದರ್ಶನವಾದ ಮೇಲೆ ಎಣಿಸಿದಳು, ಅನ್ನಪ್ರಸಾದದ ಸಾಲಿನಲ್ಲಿ ಭಾವ ಕಾಣದೆ ಏಳೇ ಆಗಿ ಅವಳ ಮುಖ ಬಿಳಿಚಿಕೊಂಡಿತು. ಭಾವ ಎರಡನೆಯ ಪಂಕ್ತಿಯಲ್ಲಿ ಕೂತು ಪಾಯಸ ಬಡಿಸಿಕೊಳ್ಳುತ್ತಿದ್ದರು.

ಆದರೆ ಅವಳ ಪೂರ್ಣಾವತಾರ ನೋಡಬೇಕಾದರೆ ಕಳೆದ ಸಲದ ಮದುವೆ ಹಾಲಿಗೆ ಬರಬೇಕಿತ್ತು. ತಾಳಿ ಕಟ್ಟುವ ಹೊತ್ತಿಗೆ ಇಪ್ಪತ್ತು ಮಕ್ಕಳು ಮಂಟಪದ ಸುತ್ತ ಓಡುತ್ತಿದ್ದವು. ವೀಡಿಯೋದವನು ಬೈಯುತ್ತಿದ್ದ. ಅವಳು ಹೋಗಿ ಎರಡು ಸಲ ಚಪ್ಪಾಳೆ ತಟ್ಟಿ ಏನೋ ಹೇಳಿದಳು. ಇಪ್ಪತ್ತೂ ಮಕ್ಕಳು ಕುರಿಮರಿಗಳ ಹಾಗೆ ಅವಳ ಹಿಂದೆ ಹೊರಟು ಊಟದ ಹಾಲಿನ ಪಕ್ಕದ ಕೋಣೆ ಸೇರಿದವು. ಅರ್ಧ ಗಂಟೆ ಒಂದು ಸದ್ದಿಲ್ಲ. ಆಮೇಲೆ ನನ್ನ ಷಡ್ಡಕ ಮೊಮ್ಮಗನನ್ನು ಊಟಕ್ಕೆ ಕರೆಯಲು ಹೋದರು. ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಸಿಟ್ಟು ಮೂಗಿನ ತುದಿಯಲ್ಲಿ. ಬಾಗಿಲಲ್ಲಿ ಇವಳು ಕೈ ಅಡ್ಡ ಹಿಡಿದಳು.

"ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲ ಮಾವ."

"ಎಂತ ಪಟ್ಟಿ? ನಾನು ಇವನ ಅಜ್ಜ!"

"ಅದು ನನಗೂ ಗೊತ್ತುಂಟು. ಆದರೆ ಬಿಟ್ಟುಹೋದವರು ಇವನ ಅಮ್ಮ. ಪಾಸ್‌ವರ್ಡ್ ಎಂತ?"

ಹಡಗಿನಲ್ಲಿ ಮಗುವನ್ನು ಬಿಡುವಾಗಲೇ ಯಾರು ಯಾರು ಕರೆದೊಯ್ಯಬಹುದು ಎಂದು ಬರೆಸಿ, ಒಂದು ಗುಟ್ಟಿನ ಪದವನ್ನೂ ಇಟ್ಟುಕೊಳ್ಳುತ್ತಾರೆ. ನಲವತ್ತು ವರ್ಷ ಜನರಿಂದ ಸಹಿ ಕೇಳಿ, ಸಹಿ ಹೊಂದದಿದ್ದರೆ ಚೆಕ್ಕು ವಾಪಸು ಮಾಡಿದ ಮನುಷ್ಯ ಬಾಗಿಲಲ್ಲೇ ನಿಂತು ಬೆವರಿದರು. ಕೊನೆಗೆ ಸೊಸೆ ಓಡಿ ಬಂದು "ಜಿಲೇಬಿ" ಎಂದ ಮೇಲೆಯೇ ಹುಡುಗನ ಬಿಡುಗಡೆಯಾದದ್ದು. ಷಡ್ಡಕರು ಈಗಲೂ ನಮ್ಮ ಹತ್ತಿರ ಅಷ್ಟಕ್ಕಷ್ಟೆ. ನನ್ನ ಅಭಿಪ್ರಾಯ ಕೇಳಿದರೆ ನಮ್ಮ ಮದುವೆ ಹಾಲುಗಳಿಗೆ ವಾಲಗಕ್ಕಿಂತ ಮೊದಲು ಇಂಥವಳೊಬ್ಬಳನ್ನು ಗೊತ್ತುಮಾಡಬೇಕು.

ಅವಳ ಕಿವಿಯೂ ಹಡಗಿನದೇ. ಒಂದು ಬೆಳಿಗ್ಗೆ ಅಕ್ಕ ಕಡ್ಲೆ ಬೇಯಲಿಟ್ಟಿದ್ದಳು. ಕಡ್ಲೆ ಅಂದ ಮೇಲೆ ಏಳು ಸೀಟಿ ಬೇಕೇ ಬೇಕು. ಏಳನೆಯದು ಮುಗಿದದ್ದೇ ಅಕ್ಕ ಸಟ್ಟುಗದಲ್ಲಿ ವೆಯ್ಟು ಎತ್ತಿ ಹಿಡಿದು ಗಾಳಿ ಬಿಟ್ಟಳು, ಉದ್ದಕ್ಕೆ ಸೊಂಯ್ ಎಂದು. ಚಾವಡಿಯಲ್ಲಿ ಮಲಗಿದ್ದ ಮಗಳು ಎದ್ದು ನಿಂತು, ಕಣ್ಣು ಬಿಡದೆಯೇ ಮಂಚದ ಕೆಳಗೆ ಲೈಫ್ ಜಾಕೆಟ್ ಹುಡುಕಿದಳು. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಎಂದರೆ ಹಡಗಿನಲ್ಲಿ ತುರ್ತು ಕರೆ. ಸಿಕ್ಕಿದ್ದು ಭಾವನ ಹಳೇ ಚಪ್ಪಲಿ.

ಕಡಲ ಮೇಲೆ ವಾಸ ಎಂದರೆ ನಾವೆಲ್ಲ ಕಿಟಕಿಯಾಚೆ ನೀಲಿ ನೀರು ಎಂದುಕೊಂಡಿದ್ದೆವು. ಅವಳ ಕ್ಯಾಬಿನ್ ನೀರಿನ ಮಟ್ಟದ ಕೆಳಗೆ. ಕಿಟಕಿ ಎಂಬುದಿಲ್ಲ. ಮೇಲೊಂದು ಕೆಳಗೊಂದು ಬಂಕು, ಬಂಕಿಗೊಂದು ಪರದೆ, ಮೇಲಿನ ಬಂಕಿನಲ್ಲಿ ಫಿಲಿಪೀನ್ಸಿನ ಹುಡುಗಿ. ಬಚ್ಚಲು ಎಷ್ಟು ಚಿಕ್ಕದೆಂದರೆ ಸ್ನಾನ ಮಾಡುವಾಗ ಪ್ಲಾಸ್ಟಿಕ್ ಪರದೆ ಬೆನ್ನಿಗೆ ಅಂಟಿ ಬರುತ್ತದಂತೆ. ಕೆಳಗಿನ ಅಂತಸ್ತಿನಲ್ಲಿ ಹಡಗಿನ ಉದ್ದಕ್ಕೂ ನೌಕರರ ಓಡಾಟಕ್ಕೆ ಒಂದು ದಾರಿ. ಅದಕ್ಕೆ ಅಮೆರಿಕದ ಹೆದ್ದಾರಿಯ ಹೆಸರಿಟ್ಟು ಐ-95 ಎನ್ನುತ್ತಾರೆ. ತರಕಾರಿ ಗಾಡಿ, ಬಟ್ಟೆ ಗಾಡಿ, ಕಡಲ್ಗಳ್ಳರ ವೇಷದವರು, ಅಡುಗೆಯವರು, ಎಲ್ಲರೂ ಅಲ್ಲೇ. ಆರು ತಿಂಗಳ ಕಾಂಟ್ರಾಕ್ಟಿನಲ್ಲಿ ವಾರದ ರಜೆ ಎಂಬ ಮಾತಿಲ್ಲ. ಭಾನುವಾರ, ಸೋಮವಾರ ಎಂಬ ಲೆಕ್ಕವೇ ಮರೆತುಹೋಗಿ ನಸ್ಸಾವ್ ದಿನ, ದ್ವೀಪದ ದಿನ, ಸಮುದ್ರದ ದಿನ, ಜನ ಹತ್ತುವ ದಿನ ಎಂದಾಗುತ್ತದೆ. ಸಂಕಷ್ಟಿ ಯಾವಾಗ ಎಂದು ಅಕ್ಕ ಫೋನಿನಲ್ಲಿ ಕೇಳಿದರೆ "ನಸ್ಸಾವ್ ಆದ ಮಾರನೇ ದಿನ" ಎಂದು ಉತ್ತರ ಬಂದಿತ್ತು.

ಹಾಗೆಂದು ಕಾನೂನೇ ಇಲ್ಲವೆಂದಲ್ಲ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ಈ ಕಾನೂನನ್ನು ಅವಳು ಅಕ್ಕನಿಗೂ ಅನ್ವಯಿಸಲು ಹೊರಟಳು.

"ಅಮ್ಮ, ನಿನಗೆ ಹತ್ತು ಗಂಟೆ ರೆಸ್ಟ್ ಕಡ್ಡಾಯ."

"ಆಯ್ತು ಮಗ. ನೀರುದೋಸೆ ಯಾರು ಹೊಯ್ಯುವುದು, ನಿನ್ನ ಕ್ಯಾಪ್ಟನ್ನಾ?"

ಈಗ ನಗುವಿನ ವಿಷಯ. ಹಡಗಿನಲ್ಲಿ ಅತಿಥಿಗಳಿರುವ ಕಡೆಗೂ ನೌಕರರಿರುವ ಕಡೆಗೂ ನಡುವೆ ಒಂದು ಬಾಗಿಲು. ಆ ಕಡೆ ಕಾಲಿಟ್ಟರೆ ನಗು ಹಾಕಿಕೊಳ್ಳಬೇಕು, ಈ ಕಡೆ ಬಂದರೆ ತೆಗೆಯಬಹುದು. ಹೆಸರಿನ ಬಿಲ್ಲೆಯ ಹಾಗೆ ಅದೂ ಯೂನಿಫಾರ್ಮಿನ ಭಾಗ. ಇದು ಅವಳು ಹೇಳಿದ್ದು ಮಾತ್ರವಲ್ಲ, ನಾನೇ ಕಂಡದ್ದು. ಅಕ್ಕನ ಮನೆಗೆ ಒಂದು ಸಂಜೆ ಹುಡುಗನ ಕಡೆಯವರು ಬಂದಿದ್ದರು. ನಾನು ಅಡುಗೆಮನೆಯ ಬಾಗಿಲಿನ ಪಕ್ಕ ಕೂತಿದ್ದೆ. ಇವಳು ಚಾ ಹಿಡಿದು ಹೊಸ್ತಿಲು ದಾಟುವಾಗ ಕೆನ್ನೆ ಮೇಲೇರಿತು, ಹಲ್ಲು ಕಂಡಿತು, ಹುಬ್ಬು ಬಿಲ್ಲಾಯಿತು. ಖಾಲಿ ತಟ್ಟೆ ಹಿಡಿದು ಒಳಗೆ ಬರುವಾಗ, ಅದೇ ಹೊಸ್ತಿಲಲ್ಲಿ, ಅಂಗಡಿಯ ಶಟರ್ ಎಳೆದ ಹಾಗೆ ಎಲ್ಲ ಕೆಳಗಿಳಿಯಿತು. ಸಿಂಕಿನ ಎದುರು ನಿಂತು ಒಂದು ದೊಡ್ಡ ಉಸಿರು ಬಿಟ್ಟಳು. ಬಾಳೆಹಣ್ಣಿನ ಹಲ್ವದ ತಟ್ಟೆ ಎತ್ತಿಕೊಂಡಳು. ಹೊಸ್ತಿಲು, ಮತ್ತೆ ಕೆನ್ನೆ. "ಹುಡುಗಿ ಎಷ್ಟು ನಗುಮುಖದವಳು" ಎಂದು ಹುಡುಗನ ತಾಯಿ ಮೆಚ್ಚಿದರು. ಇವಳು ಹುಡುಗನನ್ನು ಕೇಳಿದ್ದು ಎರಡೇ ಪ್ರಶ್ನೆ: ಯಾವುದಾದರೂ ಅಲರ್ಜಿ ಉಂಟಾ? ಈಜಲಿಕ್ಕೆ ಬರ್ತದಾ? ಸಂಬಂಧ ಮುಂದುವರಿಯಲಿಲ್ಲ. ಹುಡುಗನಿಗೆ ಶೇಂಗಾ ಆಗುವುದಿಲ್ಲ ಎಂಬುದೊಂದು ಮಾತ್ರ ತಿಳಿಯಿತು.

ಪ್ರತಿ ಟ್ರಿಪ್ಪಿನ ಕೊನೆಯ ಆಟದಲ್ಲಿ ಮಕ್ಕಳು ಟೀಚರ ಮುಖಕ್ಕೆ ಕ್ರೀಮು ಬಳಿದ ತಟ್ಟೆ ಹೊಡೆಯುವುದು ಅವಳ ಹಡಗಿನ ಪದ್ಧತಿ. ವಾರಕ್ಕೆ ಎರಡು, ಆರು ತಿಂಗಳಿಗೆ ಐವತ್ತೆರಡು ಎಂದು ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಹಾಲಿನ ಕೆನೆ ಮುಖಕ್ಕೆ ಒಳ್ಳೆಯದು ಎಂದು ದೊಡ್ಡಮ್ಮನ ಸಮಾಧಾನ.

ಒಂದು ಕತೆ ಮಾತ್ರ ಅವಳು ನಗದೆ ಹೇಳಿದ್ದು. ಒಂದು ನಾಲ್ಕು ರಾತ್ರಿಯ ಟ್ರಿಪ್ಪಿನಲ್ಲಿ ಐದು ವರ್ಷದ ಹುಡುಗನೊಬ್ಬ ಬಂದವನೇ ಚಿತ್ರ ಬರೆಯುವ ಟೇಬಲ್ಲಿನ ಕೆಳಗೆ ಸೇರಿಕೊಂಡ. ಕರೆದರೆ ಬರಲಿಲ್ಲ, ಬಿಸ್ಕತ್ತು ಬೇಡ, ಆಟಿಕೆ ಬೇಡ. ಮೊದಲ ದಿನ ಇವಳೂ ಟೇಬಲ್ಲಿನ ಕೆಳಗೆ ಹೋಗಿ ಸುಮ್ಮನೆ ಕೂತಳು. ಎರಡನೆಯ ದಿನ ಏಡಿ ಹೇಗೆ ಅಡ್ಡಡ್ಡ ನಡೆಯುತ್ತದೆ ಎಂದು ಬೆರಳಿನಲ್ಲಿ ತೋರಿಸಿದಳು, ನಮ್ಮ ಪಣಂಬೂರಿನ ಏಡಿ. ಮೂರನೆಯ ದಿನ ಅವನ ಬೆರಳೂ ಅಡ್ಡಡ್ಡ ನಡೆಯಿತು. ನಾಲ್ಕನೆಯ ದಿನ ಅವನು ಹೊರಗೆ ಬಂದು, ಕಾಗದದಲ್ಲಿ ಒಂಬತ್ತು ಕಾಲಿನ ಏಡಿ ಕತ್ತರಿಸಿ ಇವಳಿಗೆ ಕೊಟ್ಟು, ರಾತ್ರಿ ಬಾಗಿಲಲ್ಲಿ ಇವಳ ಕಾಲು ಹಿಡಿದುಕೊಂಡು ಅತ್ತ. ಮರುದಿನ ಬೆಳಿಗ್ಗೆ ಎಂಟಕ್ಕೆ ಜನರನ್ನು ಇಳಿಸುವ ಕಡೆ ಇವಳಿಗೆ ಡ್ಯೂಟಿ, ಬೇರೆ ಬಣ್ಣದ ಅಂಗಿ. ಹುಡುಗ ಅಪ್ಪನ ಸೂಟ್‌ಕೇಸಿನ ಮೇಲೆ ಕೂತು ಬಂದ. ಇವಳು ಕೈ ಬೀಸಿದಳು. ಅವನಿಗೆ ಗುರುತು ಸಿಗಲಿಲ್ಲ.

"ಮತ್ತೆ?" ಎಂದೆ.

"ಮತ್ತೆಂತ ಮಾವ. ಮಧ್ಯಾಹ್ನ ಹೊಸ ಜನ ಹತ್ತಿದರು. ಸಂಜೆ ನೋಡಿದರೆ ಅದೇ ಟೇಬಲ್ಲಿನ ಕೆಳಗೆ ಇನ್ನೊಂದು ಕೂತಿತ್ತು."

ಅವಳ ಪಾಸ್‌ಪೋರ್ಟಿನ ಕವರಿನಲ್ಲಿ ಆ ಏಡಿ ಉಂಟು. ಒಂದು ಕಾಲು ಉದುರಿ ಈಗ ಲೆಕ್ಕ ಸರಿಹೋಗಿದೆ.

ಚಳಿಗಾಲದಲ್ಲಿ ಪಣಂಬೂರಿನ ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅತಿಥಿಗಳನ್ನು ಬಸ್ಸಿನಲ್ಲಿ ಕೂರಿಸಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಗೇರುಬೀಜದ ಕಾರ್ಖಾನೆಗೆ ಕರೆದೊಯ್ಯುತ್ತಾರೆ. ಅಂಥ ಹಡಗು ಬಂದ ಒಂದು ದಿನ ನಾವು ಪೇಟೆಯಲ್ಲಿ ಒಂದು ಕಾಫಿ ಅಂಗಡಿಯಲ್ಲಿದ್ದಾಗ ನಾಲ್ಕೈದು ವಿದೇಶಿ ಹುಡುಗ ಹುಡುಗಿಯರು ನುಗ್ಗಿ ಬಂದು, ಕಾಫಿಗೆ ಮೊದಲು ವೈಫೈ ಪಾಸ್‌ವರ್ಡ್ ಕೇಳಿದರು. "ಇವರು ಅತಿಥಿಗಳಲ್ಲ, ನಮ್ಮವರು" ಎಂದು ಇವಳು ಎದ್ದು ಹೋದಳು. ಅರ್ಧ ಗಂಟೆ ಅವರ ಟೇಬಲ್ಲಿನಲ್ಲೇ ಕೂತಿದ್ದಳು. ಆ ಅರ್ಧ ಗಂಟೆಯ ನಗು ಬೇರೆ ಥರದ್ದು. ಅದರಲ್ಲಿ ಹಲ್ಲು ಅಷ್ಟು ಕಾಣುತ್ತಿರಲಿಲ್ಲ.

ಬರುವ ತಿಂಗಳು ಅವಳು ಮತ್ತೆ ಸೈನ್ ಆನ್, ಅಂದರೆ ಹಡಗು ಹತ್ತುತ್ತಾಳೆ. ಅಮೆರಿಕದಲ್ಲಿರುವ ಮಗ ಸೊಸೆ ಅಪ್ಪ ಅಮ್ಮನನ್ನು ಕರೆಸಿ ನಯಾಗರಾ ತೋರಿಸಿ ಕ್ರೂಸನ್ನೂ ಹತ್ತಿಸುವುದು ಈಗ ನಮ್ಮಲ್ಲಿ ನಡೆದೇ ಇದೆ. ನಿಮಗೂ ಆ ಯೋಗ ಬಂದರೆ ನನ್ನದೊಂದು ವಿನಂತಿ. ಬಹಳಷ್ಟು ಹಡಗುಗಳಲ್ಲಿ ಮಕ್ಕಳ ಕ್ಲಬ್ಬು ರಾತ್ರಿ ಹತ್ತರವರೆಗೆ ಪುಕ್ಕಟೆ, ಆಮೇಲೆ ಗಂಟೆಗಿಷ್ಟು ಎಂದು ಬಿಲ್ಲು. ಬಿಲ್ಲು ಕೊಟ್ಟರಾಯಿತು ಎಂದು ಬಫೆಯ ಎದುರು ನಿಂತುಬಿಡಬೇಡಿ, ಒಳಗಿರುವ ಹುಡುಗಿ ಬೆಳಗಿನಿಂದ ನಗುತ್ತಿದ್ದಾಳೆ. ಹತ್ತು ನಿಮಿಷ ಮೊದಲೇ ಹೋಗಿ ಮೊಮ್ಮಗನನ್ನು ಕರೆತನ್ನಿ. ಹೋಗುವಾಗ ಸೊಸೆಯ ಹತ್ತಿರ ಪಾಸ್‌ವರ್ಡ್ ಕೇಳಿಕೊಂಡು ಹೋಗಿ. ಅಜ್ಜ ಎಂದರೆ ಬಿಡುವುದಿಲ್ಲ.