ನಮ್ಮ ಬರಿಗೊಡ, ಅವರ ಕೃತಜ್ಞತೆ

ಜನವರಿ ಬಂತೆಂದರೆ ನಮ್ಮ ಕಡೆ ಎರಡು ಬೆಳೆ ಕೊಯ್ಲಿಗೆ ಬರುತ್ತವೆ. ಒಂದು ತೊಗರಿ. ಇನ್ನೊಂದು ಕೃತಜ್ಞತೆ.

ತೊಗರಿ ನಾವೇ ಕೊಯ್ದುಕೊಳ್ಳುತ್ತೇವೆ. ಕೃತಜ್ಞತೆ ಕೊಯ್ಯಲು ಪರದೇಶದಿಂದ ಜನ ಬರುತ್ತಾರೆ.

ಈ ಸಲದ ಮಿಷನ್ ತಂಡ: ಹದಿನಾಲ್ಕು ಮಂದಿ, ಹತ್ತು ದಿನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಹೈದರಾಬಾದಿನಲ್ಲಿ ಇಳಿದು ಎಸಿ ಗಾಡಿ ಹತ್ತಿ ಬೀದರಿಗೆ ಬಂದರು. ಮೊದಲ ದಿನ ಕೋಟೆ ನೋಡಿದರು. ಎರಡನೇ ದಿನ ಮಹಮೂದ್ ಗವಾನನ ಮದರಸಾ, ಬಿದ್ರಿ ಅಂಗಡಿ. ಮೂರನೇ ದಿನ ನಮ್ಮನ್ನು ನೋಡಿದರು.

ಪ್ರವಾಸಿ ವೀಸಾ ಇಟ್ಟುಕೊಂಡು ಈ ದೇಶದಲ್ಲಿ ಮಿಷನ್ ಕೆಲಸ ಮಾಡುವಂತಿಲ್ಲ. ಅದಕ್ಕೆ ಮಿಷನರಿ ವೀಸಾ ಅಂತಲೇ ಬೇರೆ ಇದೆ. ಇವರು ವೀಸಾ ಫಾರಂನಲ್ಲಿ ಬರೆದದ್ದು 'ಸ್ಥಳ ವೀಕ್ಷಣೆ'. ಹತ್ತು ದಿನದಲ್ಲಿ ಅವರು ಹೇಳಿದ ಅಪ್ಪಟ ಸತ್ಯ ಅದೊಂದೇ.

ಅವರನ್ನು ಔರಾದ್ ತಾಲ್ಲೂಕಿನ ಒಂದು ಹಳ್ಳಿಯ ಕ್ರೈಸ್ತ ಸಭೆಗೆ ಕರೆದೊಯ್ದರು. ಅನುವಾದಿಸುವ ಕರ್ಮ ನನ್ನ ಪಾಲಿಗೆ ಬಿತ್ತು. ಕಾರ್ಯಕ್ರಮ ಏನಪ್ಪಾ ಅಂದರೆ, ಸಭೆಯ ಗುಡಿಯ ಗೋಡೆಗೆ ಹಳದಿ ಬಣ್ಣ ಬಳಿಯುವುದು. ಹೋದ ವರ್ಷದ ತಂಡ ನೀಲಿ ಬಳಿದಿತ್ತು. ಅದಿನ್ನೂ ಗಟ್ಟಿಯಾಗಿಯೇ ಇತ್ತು. ಆದರೂ ಮುಂಜಾನೆಯಿಂದ ಬ್ರಷ್ ಹಿಡಿದು ನಿಂತರು. ಗೋಡೆಗಿಂತ ಜಾಸ್ತಿ ಬಣ್ಣ ಅವರ ಮೂಗಿಗೆ ಹತ್ತಿತ್ತು. ಫೋಟೋಕ್ಕೆ ಅದೇ ಚಂದ.

ಆ ಊರಲ್ಲಿ ಪೇಂಟರ್ ಕೆಲಸ ಬಲ್ಲ ಇಬ್ಬರು ಹುಡುಗರಿದ್ದಾರೆ. ಅವತ್ತು ಊರಲ್ಲಿರಲಿಲ್ಲ. ಹೈದರಾಬಾದಿನ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಹೊಡೆಯಲು ಹೋಗಿದ್ದರು.

ಇದು ನಮ್ಮೊಬ್ಬರದೇ ಕಥೆಯಲ್ಲ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಗುಡಿಸಿಹಾಕಿತು. ಮನೆ ಕಟ್ಟಿಕೊಡಲು ಅಮೆರಿಕದಿಂದ ಇಂಥವೇ ತಂಡಗಳು ಹೋದವು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಕೂತು ಲೆಕ್ಕ ಹಾಕಿದ. ಅಲ್ಲಿಯವರೇ ಕಟ್ಟಿದರೆ ಮನೆಯೊಂದಕ್ಕೆ ಸುಮಾರು 2,000 ಡಾಲರ್. ತಂಡವೊಂದು ವಿಮಾನದ ಟಿಕೇಟೂ ಸೇರಿ ಸುರಿದದ್ದು ಸುಮಾರು 30,000. ವರ್ ಬೀಕ್ ನಾಸ್ತಿಕನಲ್ಲ, ಕ್ರೈಸ್ತ ಕಾಲೇಜಿನ ಮೇಷ್ಟ್ರು. ಊರಿಗೆ ಮರಳಿದ ಮೇಲೆ ಈ ದಾನಿಗಳ ಬದುಕಾದರೂ ಬದಲಾಯಿತೇ ಎಂದೂ ಕೇಳಿದ. ಹೆಚ್ಚೇನೂ ಇಲ್ಲ ಎಂಬುದು ಸಿಕ್ಕ ಉತ್ತರ.

ಅವತ್ತು ಸಂಜೆ ನಮ್ಮ ಗುಡಿಯಲ್ಲಿ ಸಾಕ್ಷಿ ಹೇಳುವ ಹೊತ್ತು. ತಂಡದ ಹುಡುಗಿಯೊಬ್ಬಳು ಎದ್ದು ಕಣ್ಣೊರೆಸಿಕೊಂಡಳು. "ಇವರ ಬಳಿ ಏನೂ ಇಲ್ಲ. ಆದರೂ ನಗುತ್ತಾರೆ. ನಮ್ಮ ಮನೆಯ ಬಿಸಿನೀರಿಗಾಗಿ ದೇವರಿಗೆ ಸ್ತೋತ್ರ ಹೇಳುವುದನ್ನು ಇಲ್ಲಿ ಕಲಿತೆ" ಅಂದಳು.

ಏನೂ ಇಲ್ಲದವರ ಮುಂದೆ ನಿಂತು 'ನಿಮ್ಮ ಬಳಿ ಏನೂ ಇಲ್ಲ' ಎಂಬುದನ್ನು ಕನ್ನಡಕ್ಕೆ ತರುವುದು ಹೇಗೆ? ಸುಮ್ಮನೆ ನಿಂತೆ.

ಮುಂದಿನ ಸಾಲಿನ ಮುದುಕಿ ಕೇಳಿದಳು: "ಏನಂತಾಳೋ ತಮ್ಮಾ ಆ ಹುಡುಗಿ?"

"ನಿಮ್ಮ ನಗು ಚಲೋ ಅದ ಅಂತಾಳ ಆಯಿ."

"ಫೋಟೋ ಹೊಡಿಲತಾರಲ್ಲೋ, ನಗಬ್ಯಾಡೇನು?"

ಇದನ್ನೂ ನಾನು ಅನುವಾದಿಸಲಿಲ್ಲ.

ಆ ಮುದುಕಿಯ ಮನೆಯಲ್ಲಿ ಅವತ್ತು ಜವಾರಿ ಕೋಳಿ ಕೊಯ್ದಿದ್ದರು. ಅತಿಥಿಗಳು ಕೈ ಮುಗಿದು, ಬ್ಯಾಗಿನಿಂದ ಬಿಸ್ಕತ್ತು ತೆಗೆದು ತಿಂದರು.

ನಮ್ಮ ಸಭೆಯ ಹಿರಿಯರೇನು ಕಡಿಮೆಯೇ? ಕ್ರಿಸ್‌ಮಸ್ಸಿಗೆ ಹೊಲಿಸಿದ ಹೊಸ ಫ್ರಾಕು ಹಾಕಿಕೊಂಡು ಬಂದ ಮಕ್ಕಳನ್ನು ಮನೆಗೆ ಓಡಿಸಿದರು. "ಹಳೇದು ಹಾಕ್ಕೊಂಡು ಬರ್ರಿ." ಬಡತನಕ್ಕೂ ಸಮವಸ್ತ್ರ ಬೇಕಲ್ಲ.

ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳು ಗುಣವಾಗುತ್ತಾರೆ. ಸ್ತೋತ್ರ ಹೇಳಲು ತಿರುಗಿ ಬಂದವನು ಒಬ್ಬನೇ. ಕೃತಜ್ಞತೆಯ ಪಾಠಕ್ಕೆ ಎಲ್ಲರೂ ಆರಿಸಿಕೊಳ್ಳುವ ಭಾಗ ಅದು. ಒಂದು ಪುಟ ತಿರುವಿದರೆ 18ರಲ್ಲಿ ಇನ್ನೊಬ್ಬನಿದ್ದಾನೆ, ಫರಿಸಾಯ. ಅವನೂ ಸ್ತೋತ್ರವನ್ನೇ ಹೇಳುತ್ತಾನೆ, ತಾನು ಪಕ್ಕದವನಂತೆ ಇಲ್ಲದ್ದಕ್ಕೆ. ಯೇಸುವಿಗೆ ಆ ಸ್ತೋತ್ರ ಹಿಡಿಸಲಿಲ್ಲ. ಟೀ ಶರ್ಟಿನ ಮೇಲೆ 18ನೇ ಅಧ್ಯಾಯ ಅಚ್ಚು ಹಾಕಿಸಿದ ತಂಡವನ್ನು ನಾನಿನ್ನೂ ಕಂಡಿಲ್ಲ.

ಹಿಂದೆಯೂ ಪರದೇಶದವರು ಬಂದಿದ್ದರು. ಅವರ ಮೇಲೆ ನೂರು ತಕರಾರಿರಲಿ, ಬಂದವರು ಉಳಿದರು. ಮಿಷನರಿ ಕಿಟೆಲ್ ಬಂದದ್ದು 1853ರಲ್ಲಿ, ಅವನ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಹತ್ತು ದಿನದ ಟಿಕೇಟಿನಲ್ಲಿ ಬಂದಿದ್ದರೆ ಅದು 'ನಮಸ್ಕಾರ', 'ಧನ್ಯವಾದ', 'ಖಾರ ಬೇಡ'ಕ್ಕೆ ಮುಗಿಯುತ್ತಿತ್ತು. ಅಷ್ಟು ದೂರ ಯಾಕೆ, ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರಿನ ಗುರುನಾನಕ್ ಝಿರಾ ಗುರುದ್ವಾರದ ಲಂಗರಿನಲ್ಲಿ ದಿನವೂ ಊಟ ನಡೆಯುತ್ತದೆ. ಉಂಡವರು ನಗಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ.

ಪರದೇಶದವರನ್ನಷ್ಟೇ ಬೈದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು 'ಅತ್ಯಂತ ಹಿಂದುಳಿದವು' ಎಂದು ಪಟ್ಟಿ ಮಾಡಿತು. ಔರಾದ್, ಭಾಲ್ಕಿ ಎರಡೂ ಅದರಲ್ಲಿವೆ. ಅಂದಿನಿಂದ ಹಿಂದುಳಿದಿರುವುದೇ ನಮ್ಮ ಪ್ರೇಕ್ಷಣೀಯ ಸ್ಥಳ. 2019ರಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ಬಸವಕಲ್ಯಾಣದ ಉಜಳಂಬಕ್ಕೆ ಬಂದು ಒಂದು ರಾತ್ರಿ ಮಲಗಿ ಎದ್ದು ಹೋದರು. ಅದಕ್ಕೆ ಗ್ರಾಮ ವಾಸ್ತವ್ಯ ಎಂದು ಹೆಸರು. ಬೆಂಗಳೂರಿನ ಕಂಪನಿಯವರು ಶನಿವಾರ ಬಂದು ಸಸಿ ನೆಟ್ಟು ಹೋಗುತ್ತಾರೆ. ಭಾನುವಾರ ಅದಕ್ಕೆ ನೀರು ಹಾಕುವವರು ನಾವು. ನೀರಿದ್ದರೆ.

ಆ ಹಳ್ಳಿಯ ಬೋರಿನ ಮೋಟಾರು ಸುಟ್ಟು ಕೂತಿದೆ. ರಿಪೇರಿಗೆ ಬೇಕಾದ ದುಡ್ಡು ಹದಿನಾಲ್ಕು ಟಿಕೇಟುಗಳಲ್ಲಿ ಒಂದರ ಅರ್ಧವೂ ಆಗದು. ಹಳದಿ ಬಣ್ಣ ಮಾತ್ರ ಮೊದಲ ಮಳೆಗೇ ಎದ್ದು, ಒಳಗಿನ ನೀಲಿ ಕಾಣುತ್ತಿದೆ.

ಬರುವ ಜನವರಿಗೆ ಮತ್ತೊಂದು ತಂಡವಂತೆ. ಹಸಿರು ಬಣ್ಣವಂತೆ. ಜನವರಿ ಬೇಡ ಮಹಾರಾಯರೇ, ಮೇ ತಿಂಗಳಲ್ಲಿ ಬನ್ನಿ. ಬ್ರಷ್ ತರಬೇಡಿ. ಕೊಡ ನಾವೇ ಕೊಡುತ್ತೇವೆ.