ಓಕೆಯ ಕಾಗುಣಿತ

ಅಚ್ಚಿನಲ್ಲಿ ಸಿಕ್ಕಿರುವ ಅತಿ ಹಳೆಯ 'ಓಕೆ' 1839ರ ಮಾರ್ಚ್ 23ರ ಬಾಸ್ಟನ್ ಪತ್ರಿಕೆಯೊಂದರದು. ಆಗ ಅಲ್ಲಿನ ಪತ್ರಕರ್ತರಿಗೆ ಒಂದು ಖಯಾಲಿ: ಬೇಕೆಂದೇ ಕಾಗುಣಿತ ಕೆಡಿಸಿ, ಮೊದಲಕ್ಷರಗಳನ್ನಷ್ಟೇ ಬರೆಯುವುದು. ಹಾಗೆ 'ಆಲ್ ಕರೆಕ್ಟ್' ಎಂಬುದು ಓ, ಕೆ ಆಯಿತು. ಎಲ್ಲ ಸರಿ ಅನ್ನುವ ಮಾತಿನಲ್ಲಿ ಎರಡಕ್ಷರವೂ ತಪ್ಪು!

'ಆಲ್ ರೈಟ್'ಗೂ ಇದೇ ಗತಿಯಾಗಿ 'ಓಡಬ್ಲ್ಯೂ' ಹುಟ್ಟಿತ್ತು, ಪಾಪ, ಬಾಳಲಿಲ್ಲ.

ಓಕೆಯ ಕೈಹಿಡಿದದ್ದು ರಾಜಕೀಯ. ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಹುಟ್ಟೂರು ಕಿಂಡರ್‌ಹುಕ್, ಅಡ್ಡಹೆಸರು 'ಓಲ್ಡ್ ಕಿಂಡರ್‌ಹುಕ್'. 1840ರ ಚುನಾವಣೆಯಲ್ಲಿ ಬೆಂಬಲಿಗರು ಓಕೆ ಕ್ಲಬ್ ಕಟ್ಟಿ ಬೀದಿಗಿಳಿದರು. ಎದುರಾಳಿಗಳು ಸುಮ್ಮನಿದ್ದಾರೆಯೇ? ಹಿಂದಿನ ಅಧ್ಯಕ್ಷ ಜಾಕ್ಸನ್‌ಗೆ ಕಾಗುಣಿತ ಬಾರದು, ಕಾಗದಪತ್ರಗಳ ಮೇಲೆ ಓಕೆ ಎಂದೇ ಗೀಚುತ್ತಿದ್ದರು ಎಂದು ಗುಲ್ಲೆಬ್ಬಿಸಿದರು. ವ್ಯಾನ್ ಬ್ಯೂರೆನ್ ಅಂತೂ ಸೋತರು.

ಮುಂದೆ ಅಧ್ಯಕ್ಷ ವುಡ್ರೊ ವಿಲ್ಸನ್ ಓಕೆಯನ್ನು ಚಾಕ್ಟಾ ಬುಡಕಟ್ಟಿನ ನುಡಿಯೆಂದೇ ನಂಬಿದ್ದರು. ಹಳೆಯ ಪತ್ರಿಕೆಗಳನ್ನು ಜಾಲಾಡಿ ಮೂಲ ಹಿಡಿದು ಕೊಟ್ಟದ್ದು 1960ರ ದಶಕದಲ್ಲಿ, ಪ್ರೊಫೆಸರ್ ಅಲೆನ್ ವಾಕರ್ ರೀಡ್.