ಸಿದ್ದಾಪುರದ ಗುಂಡು: ಬುದ್ಧಿ, ಏಕಾಗ್ರತೆ ಮತ್ತು ಏಳಿಗೆಗಳ ನಂಟು ಕುರಿತ ಮಹಾಪ್ರಬಂಧದ ಸಾರಲೇಖ

ಮೊದಲಿಗೆ ಪರಿಭಾಷೆ. ಈ ಪ್ರಬಂಧದುದ್ದಕ್ಕೂ ‘ಗುಂಡು’ ಎಂದರೆ ಬಂಡೆ, ಬರೀ ಬಂಡೆ. ಸಂಜೆ ಏಳರ ಮೇಲೆ ಆ ಪದಕ್ಕೆ ಬರುವ ಅರ್ಥವನ್ನು ಅಧ್ಯಯನದ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಪೂರ್ವಪಕ್ಷ ಹೀಗಿದೆ: ಬುದ್ಧಿಯುಳ್ಳವನು ಮನಸ್ಸನ್ನು ಒಂದೆಡೆ ನಿಲ್ಲಿಸಿದರೆ ಏಳಿಗೆ ಕಟ್ಟಿಟ್ಟ ಬುತ್ತಿ. ಕೋಚಿಂಗ್ ಸೆಂಟರುಗಳ ಗೋಡೆಗಳೂ ಮದುವೆಮನೆಯ ಸೋದರಮಾವಂದಿರೂ ಸಾರುವುದು ಇದನ್ನೇ. ಇದನ್ನು ಪರೀಕ್ಷಿಸಲು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರಕ್ಕಿಂತ ಪ್ರಶಸ್ತವಾದ ಪ್ರಯೋಗಶಾಲೆ ಪ್ರಬಂಧಕಾರನಿಗೆ ಕಾಣಲಿಲ್ಲ. ಏಕೆಂದರೆ ಕ್ರಿ.ಪೂ. 3ನೇ ಶತಮಾನದಲ್ಲೇ ಅಶೋಕ ಚಕ್ರವರ್ತಿ ಈ ವಿಷಯವನ್ನು ಇಲ್ಲಿ, ಪಕ್ಕದ ಬ್ರಹ್ಮಗಿರಿಯಲ್ಲಿ ಮತ್ತು ಜಟಿಂಗ ರಾಮೇಶ್ವರದಲ್ಲಿ, ಒಟ್ಟು ಮೂರು ಪ್ರತಿ ಕೆತ್ತಿಸಿ ಇಟ್ಟಿದ್ದಾನೆ. (ಜಟಾಯು ಬಿದ್ದದ್ದು ಆ ಮೂರನೆಯ ಬೆಟ್ಟದಲ್ಲಿ ಎಂದು ಸುತ್ತಲಿನ ನಂಬಿಕೆ. ಏಕಾಗ್ರತೆಗೆ ಜಟಾಯುವಿನಲ್ಲಿ ಕೊರತೆಯಿರಲಿಲ್ಲ ಎಂಬುದನ್ನು ಪೂರ್ವಪಕ್ಷದವರು ಗಮನಿಸಬೇಕು.)

ಶಾಸನ ಮೂಲತಃ ಒಂದು ಸುತ್ತೋಲೆ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ‘ಮೇಲ್ಕಾಣಿಸಿದ ವಿಷಯ’. ವಿಷಯವೇನೆಂದರೆ, ದೊರೆ ಉಪಾಸಕನಾಗಿ ಎರಡೂವರೆ ವರ್ಷ ಕಳೆದಿದೆ, ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮವನ್ನೇನೂ ಪಟ್ಟಿಲ್ಲ. ಸಂಘದ ಸಹವಾಸಕ್ಕೆ ಬಂದ ಮೇಲೆ ವರ್ಷಕ್ಕೂ ಮೇಲ್ಪಟ್ಟು ಚೆನ್ನಾಗಿ ದುಡಿದಿದ್ದಾನೆ, ಫಲವೂ ಕಂಡಿದೆ. ಫಸ್ಟ್ ಇಯರ್ ಓದಲಿಲ್ಲ ಸಾರ್, ಆಮೇಲೆ ಕೂತೆ ಎಂದು ಡಿಗ್ರಿ ಹುಡುಗರು ತಲೆ ಕೆರೆದುಕೊಂಡು ಹೇಳುವುದನ್ನು ಕಲ್ಲಿನ ಮೇಲೆ ಹೇಳಿಸಿದ ಧೈರ್ಯಕ್ಕೆ ಪ್ರಬಂಧಕಾರ ತಲೆಬಾಗುತ್ತಾನೆ. ಈ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ದುಡಿದರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ, ಕೆಲಸ ಒಂದೂವರೆ ಪಟ್ಟು ಬೆಳೆಯುತ್ತದೆ ಎಂದೂ ಇದೆ. ಎರಡನೆಯ ಭಾಗದಲ್ಲಿ ತಂದೆತಾಯಿಯ ಮಾತು ಕೇಳು, ಗುರುವಿಗೆ ಮರ್ಯಾದೆ ಕೊಡು ಎಂಬ ಬುದ್ಧಿವಾದ. ಬುದ್ಧಿವಾದ ಇದೆ, ಬುದ್ಧಿಯ ಪ್ರಸ್ತಾಪ ಮಾತ್ರ ಎಲ್ಲೂ ಇಲ್ಲ. ಜಾಣರಾಗಿರಿ ಎಂದು ದೊರೆ ಯಾರಿಗೂ ಹೇಳಿಲ್ಲ. ಮೊದಲ ಭಾಗದ ಕೊನೆಯಲ್ಲೊಂದು 256 ಬರುತ್ತದೆ. ಅದು ಬುದ್ಧನಿರ್ವಾಣದಿಂದ ಎಣಿಸಿದ ವರ್ಷ ಎಂದು ಹಿಂದಿನ ವಿದ್ವಾಂಸರು, ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು ಆಮೇಲಿನವರು. ಪಡೆದ ಅಂಕ ಎಂದು ಈ ಪ್ರಬಂಧ ವಾದಿಸಬಹುದಿತ್ತು, ಮಾರ್ಗದರ್ಶಕರು ಒಪ್ಪಲಿಲ್ಲ.

ಇನ್ನು ಏಳಿಗೆ. ಏಳಿಗೆಯ ಅಳತೆಗೋಲು ಹೆಸರು ಎಂದು ಊರವರೆಲ್ಲ ಒಪ್ಪುತ್ತಾರೆ. ಹಾಗಾದರೆ ದುಡಿದ ದೊರೆಯ ಹೆಸರು ಸಿದ್ದಾಪುರದಲ್ಲಿ ಎಲ್ಲಿದೆ? ಇಲ್ಲ. ಇರುವುದು ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನಗಳನ್ನು ಬೆಳಕಿಗೆ ತಂದಾಗಲೂ ಕಂಡದ್ದು ಬಿರುದೇ. ಅಶೋಕ ಎಂಬ ಹೆಸರು ದೊರೆಯದೇ ಶಾಸನದಲ್ಲಿ ಸಿಗಲು 1915ರ ಮಸ್ಕಿ ಶಾಸನದವರೆಗೆ ಕಾಯಬೇಕಾಯಿತು. (ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದು 1837ರಲ್ಲಿ, ರೈಸ್ ಬೆಂಗಳೂರಿನಲ್ಲಿ ಹುಟ್ಟಿದ್ದೂ 1837ರಲ್ಲಿ. ಇದರಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ಮಹಾಪ್ರಬಂಧವೆಂದ ಮೇಲೆ ಇಂಥದ್ದೊಂದು ಇರಬೇಕು.)

ಹೆಸರು ಉಳಿಸಿಕೊಂಡವನು ಲಿಪಿಕಾರ ಚಪಡ. ಸುತ್ತೋಲೆಯನ್ನು ಪ್ರಾಕೃತದಲ್ಲಿ, ಬ್ರಾಹ್ಮಿಯಲ್ಲಿ ಬರೆದು ಮುಗಿಸಿ, ಕೆಳಗೆ ತನ್ನ ರುಜು ಹಾಕಿ, ‘ಲಿಪಿಕಾರ’ ಎಂಬ ಪದವೊಂದನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಗೀಚಿದ. ಈ ಸೀಮೆಯಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ ಇದ್ದಿರಬೇಕು. ಏಕಾಗ್ರತೆ ಕೊನೆಯ ಸಾಲಿನಲ್ಲಿ ಚದುರಿತು, ಏಳಿಗೆ ಆ ಸಾಲಿನಿಂದಲೇ ಬಂತು. ಮೊಳಕಾಲ್ಮೂರಿನ ಸೀರೆ ಮಗ್ಗದ ಮುಂದೆ ಕೂತವರು ಇದನ್ನು ಕೇಳಿದರೆ ನಗಬಹುದು. ಎಳೆ ತಪ್ಪದಂತೆ ಕಣ್ಣಿಟ್ಟು ನೇಯುವವರು ಅವರು; ಭೌಗೋಳಿಕ ಗುರುತು ಸಿಕ್ಕಿದ್ದು ಊರಿನ ಹೆಸರಿಗೆ, ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಅಂಗಡಿಯ ಹೆಸರು.

ಚಪಡನನ್ನೂ ಮೀರಿಸಿದವನು ಇನ್ನೊಬ್ಬನಿದ್ದಾನೆ. ರೈಸ್ ಬಂದಾಗ ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆ ಅಂಗಡಿ ಹೂಡುತ್ತಿದ್ದ ಜಾಗ. ಸಿದ್ದಾಪುರದ್ದು? ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು. ತಿಮ್ಮಯ್ಯ ಒಂದಕ್ಷರ ಕೆತ್ತಲಿಲ್ಲ, ಕೆತ್ತಿದ್ದನ್ನು ಓದಲೂ ಇಲ್ಲ. ಅವನ ಗಮನವೆಲ್ಲ ಎಮ್ಮೆಗಳ ಮೇಲೆ. ಬಂಡೆ ಪೂರ್ತಿ ಅವನ ಹೆಸರಿಗಾಯಿತು.

ಸಿದ್ಧಾಂತ: ದುಡಿಮೆ ದೊರೆಯದು, ರುಜು ಗುಮಾಸ್ತನದು, ಖಾತೆ ತಿಮ್ಮಯ್ಯನದು.

ಈ ಸಂಶೋಧನೆಗೆ ಪದವಿ ಕೊಡುವ ಮನಸ್ಸು ಮಾಡಿದರೆ, ಪ್ರಮಾಣಪತ್ರ ಬರೆಯುವ ಗುಮಾಸ್ತರು ಕೊನೆಯ ಪದವನ್ನು ತಮಗಿಷ್ಟವಾದ ಲಿಪಿಯಲ್ಲಿ ಬರೆದುಕೊಳ್ಳಲಿ. ಪ್ರಬಂಧಕಾರನ ಅಭ್ಯಂತರವಿಲ್ಲ.